ನೀರು ಹೊರಟ ಹೊತ್ತು

ಹುಟ್ಟಿ ಮೂವತ್ತು ವರ್ಷ ದಾಟುವವರೆಗೂ ಪೋರ್ಷೆ 911 ಕಾರಿನಲ್ಲಿ ಸೋರಲಿಕ್ಕೆ ನೀರೇ ಇರಲಿಲ್ಲ. 1963ರಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಜನ ಮೊದಲು ಕಂಡ ಆ ಕಾರಿನ ಹಿಂಬದಿಯಲ್ಲಿ ಕೂತಿದ್ದ ಆರು ಸಿಲಿಂಡರಿನ ಎಂಜಿನ್ನಿಗೆ ದೊಡ್ಡದೊಂದು ಫ್ಯಾನು ಗಾಳಿ ಹೊಡೆಯುತ್ತಿತ್ತು. ಗಾಳಿಗೆ ನೀಗದ ಬಿಸಿಯನ್ನು ಎಂಜಿನ್ ಆಯಿಲ್ ಹೊತ್ತೊಯ್ಯುತ್ತಿತ್ತು. ರೇಡಿಯೇಟರ್, ಹೋಸ್ ಪೈಪು, ವಾಟರ್ ಪಂಪು ಯಾವುದರ ಗೊಡವೆಯೂ ಇರಲಿಲ್ಲ. ಅದೇ ಫ್ರಾಂಕ್‌ಫರ್ಟಿನಲ್ಲಿ 1997ರ ಸೆಪ್ಟೆಂಬರಿನಲ್ಲಿ 996 ಎಂಬ ಒಳಹೆಸರಿನ ಹೊಸ 911 ಬಂದು ನಿಂತಾಗ ಅದರ ಎಂಜಿನ್ನಿನ ಸುತ್ತ ನೀರು ಹರಿಯುತ್ತಿತ್ತು. ಹಿಂದಿನ ವರ್ಷವೇ ರಸ್ತೆಗಿಳಿದಿದ್ದ ಪೋರ್ಷೆಯದೇ ಬಾಕ್ಸ್‌ಸ್ಟರ್ ಕಾರಿಗೂ ಅದೇ ಮನೆತನದ ಎಂಜಿನ್ನು.

ಹಳೆಯ ಅಭಿಮಾನಿಗಳು ಇದನ್ನು ದ್ರೋಹವೆಂದೇ ಬಗೆದರು. ಹೆಡ್‌ಲೈಟಿನ ಆಕಾರ ಕಂಡು ‘ಕರಿದ ಮೊಟ್ಟೆ’ ಎಂದು ಅಡ್ಡಹೆಸರಿಟ್ಟರು. ಆದರೆ ಎಂಜಿನಿಯರುಗಳಿಗೆ ಬೇರೆ ದಾರಿ ಇರಲಿಲ್ಲ. ಹೊಗೆಗೂ ಸದ್ದಿಗೂ ಸಂಬಂಧಿಸಿದ ಕಾನೂನುಗಳು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದ್ದವು. ಒಂದೊಂದು ಸಿಲಿಂಡರಿಗೆ ನಾಲ್ಕು ನಾಲ್ಕು ವಾಲ್ವ್ ಕೂರಿಸಿದರೆ ಅವುಗಳ ನಡುವೆ ಉಳಿಯುವ ಇಕ್ಕಟ್ಟಿನ ಲೋಹವನ್ನು ಬರೀ ಗಾಳಿಯಿಂದ ತಂಪಾಗಿಡುವುದು ಆಗದ ಮಾತು. ಎಂಬತ್ತರ ದಶಕದ 959 ಕಾರಿನಲ್ಲೇ ಪೋರ್ಷೆ ಸಿಲಿಂಡರಿಗೆ ಗಾಳಿ, ವಾಲ್ವ್ ಕೂರುವ ಹೆಡ್ಡಿಗೆ ನೀರು ಎಂದು ಪಾಲು ಮಾಡಿ ನೋಡಿತ್ತು. ತೊಂಬತ್ತರ ದಶಕದ ಮೊದಲಲ್ಲಿ ಮುಳುಗುವ ಸ್ಥಿತಿಗೆ ಬಂದಿದ್ದ ಕಂಪನಿಯನ್ನು ದಡ ಸೇರಿಸಿದ್ದು ಬಾಕ್ಸ್‌ಸ್ಟರ್ ಮತ್ತು 996. ಖರ್ಚು ಉಳಿಸಲೆಂದು ಎರಡಕ್ಕೂ ಮೂತಿಯ ಭಾಗ ಹೆಚ್ಚುಕಡಿಮೆ ಒಂದೇ ಇಟ್ಟಿದ್ದರು. ಇವತ್ತು ಸಂಗ್ರಾಹಕರು ಗಾಳಿತಂಪಿನ ಹಳೆಯ ಕಾರುಗಳಿಗೆ ಸುರಿಯುವ ಹಣವನ್ನೂ ಮರ್ಯಾದೆಯನ್ನೂ ನೋಡಿದರೆ ಈ ಎರಡಕ್ಕೆ ಅನ್ಯಾಯವಾಗಿದೆ ಎಂದೇ ನನಗೆ ಅನಿಸುತ್ತದೆ.

ಈ ಕಾರುಗಳಲ್ಲಿ ತೀರ ಎಳೆಯದಕ್ಕೂ ಈಗ ಇಪ್ಪತ್ತು ವರ್ಷ ದಾಟಿದೆ. ಜರ್ಮನಿ, ಇಂಗ್ಲೆಂಡ್, ಅಮೆರಿಕಗಳಲ್ಲಿ ಮೂರನೆಯ, ನಾಲ್ಕನೆಯ ಕೈಗೆ ಬಂದಿರುವ ಬಾಕ್ಸ್‌ಸ್ಟರ್ ತಿಂಗಳ ಸಂಬಳದವರೂ ಕೊಳ್ಳಬಹುದಾದ ಬೆಲೆಗೆ ಇಳಿದಿದೆ. ಬಿಡಿಭಾಗದ ಬೆಲೆ ಮಾತ್ರ ಇಳಿದಿಲ್ಲ. ಹಾಗಾಗಿ ಕಾರಿನ ಆಯುಷ್ಯ ಬಹಳ ಸಲ ಒಂದು ಪ್ರಶ್ನೆಯ ಮೇಲೆ ನಿಲ್ಲುತ್ತದೆ. ಎಂಜಿನ್ ತಣಿಸುವ ಕೂಲಂಟ್ ಕಡಿಮೆಯಾಗುತ್ತಿದೆ, ಎಲ್ಲಿ ಹೋಗುತ್ತಿದೆ?

ಪ್ರಶ್ನೆ ಸರಳ, ಆದರೆ ಅದನ್ನು ಕೇಳುವ ಕ್ರಮವೇ ಬಹಳ ಮಂದಿಯ ದುಡ್ಡು ತಿಂದಿದೆ. ಎಲ್ಲಿ ಎಂದು ಕೇಳುವ ಮೊದಲು ಯಾವಾಗ ಎಂದು ಕೇಳಬೇಕು.

ಕಾರಣ ತಿಳಿಯಬೇಕಾದರೆ ನೀರಿನ ದಾರಿಯನ್ನೊಮ್ಮೆ ನಡೆದು ನೋಡಬೇಕು. ಬಾಕ್ಸ್‌ಸ್ಟರಿನ ಎಂಜಿನ್ನು ಸೀಟುಗಳ ಬೆನ್ನ ಹಿಂದೆ, 911ರದ್ದು ಇನ್ನೂ ಹಿಂದೆ, ಹಿಂದಿನ ಚಕ್ರಗಳ ಆಚೆಗೆ. ರೇಡಿಯೇಟರುಗಳೋ ಮೂತಿಯಲ್ಲಿ, ಮುಂದಿನ ಎರಡು ಚಕ್ರಗಳ ಎದುರಿಗೆ ಒಂದೊಂದು. ಕೆಲವು ಮಾದರಿಗಳಿಗೆ ನಡುವೆ ಮೂರನೆಯದೂ ಉಂಟು. ಹಿಂದಿನ ಬಿಸಿ ಮುಂದಕ್ಕೆ ಹೋಗಿ ಆರಿ ಬರಬೇಕೆಂದರೆ ಕಾರಿನ ಹೊಟ್ಟೆಯಡಿ ಉದ್ದಕ್ಕೂ ಪೈಪುಗಳು, ಪೈಪಿನ ತುದಿತುದಿಗೆ ರಬ್ಬರ್ ಹೋಸು, ಹೋಸಿನ ಎರಡೂ ಕೊನೆಗೆ ಕ್ಲ್ಯಾಂಪು. ಒಟ್ಟು ಇಪ್ಪತ್ತು ಲೀಟರಿನ ಆಸುಪಾಸು ಕೂಲಂಟು. ಎಂಜಿನ್ನು ಕಾದ ಮೇಲೆ ಈ ಇಡೀ ವ್ಯವಸ್ಥೆಯೊಳಗೆ ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್ ಹೆಚ್ಚು ಒತ್ತಡ ಕಟ್ಟಿಕೊಳ್ಳುತ್ತದೆ. ಅದು ಬೇಕೆಂದೇ ಕಟ್ಟುವ ಒತ್ತಡ. 100 ಡಿಗ್ರಿಗೆ ಕುದಿಯುವ ನೀರು ಅಷ್ಟು ಒತ್ತಡದಲ್ಲಿ 120 ಡಿಗ್ರಿಯವರೆಗೆ ಕುದಿಯದೆ ತಡೆದುಕೊಳ್ಳುತ್ತದೆ. ಅದೇ ಒತ್ತಡ ಕೂದಲೆಳೆಯ ಬಿರುಕನ್ನೂ ಬಿಡದೆ ಹುಡುಕಿ ತೆಗೆಯುತ್ತದೆ.

ಹೀಗೆ ಹೊರಬಿದ್ದ ಹನಿ ನೆಟ್ಟಗೆ ಕೆಳಗೆ ಬೀಳುವುದಿಲ್ಲ. ಹಳೆಯ ಹೆಂಚಿನ ಮನೆಯಲ್ಲಿ ಹೆಂಚು ಒಡೆದದ್ದು ಒಂದು ಕಡೆ, ರೀಪಿನ ಗುಂಟ ಹರಿದು ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ ಎನ್ನುವುದು ನಮಗೆಲ್ಲ ಗೊತ್ತಿರುವುದೇ. ಇಲ್ಲಿ ಅದರ ಜೊತೆಗೆ ಗಾಳಿಯೂ ಸೇರುತ್ತದೆ. ಗಂಟೆಗೆ ನೂರು ಕಿಲೋಮೀಟರ್ ಓಡುವ ಕಾರಿನ ಅಡಿಯ ಗಾಳಿ ಹನಿಯನ್ನು ಹಿಂದಕ್ಕೆ ಉಜ್ಜಿಕೊಂಡು ಹೋಗುತ್ತದೆ. ಎಂಜಿನ್ನಿನ ನೆತ್ತಿಯ ತಗ್ಗಿನಲ್ಲಿ ನೀರು ನಿಂತು, ತುಂಬಿ, ಇಳಿಜಾರು ಸಿಕ್ಕ ಕಡೆಯಿಂದ ಇಳಿಯುತ್ತದೆ. ಸೈಲೆನ್ಸರಿನ ಮೇಲೆ ಬಿದ್ದರೆ ಆವಿಯಾಗಿ ಗುರುತೇ ಉಳಿಯದು. ಹನಿ ಬಿದ್ದ ಜಾಗಕ್ಕೆ ನೇರ ಮೇಲಿರುವ ಭಾಗವನ್ನೇ ಬಿಚ್ಚಿ ಹೊಸದು ಹಾಕಿಸಿದವರು ವಾರದೊಳಗೆ ಗ್ಯಾರೇಜಿಗೆ ಮರಳಿ ಬರುವುದು ಇದಕ್ಕೇ.

ಹೊತ್ತು ಮಾತ್ರ ಹೀಗೆ ಜಾಗ ಬದಲಿಸುವುದಿಲ್ಲ. ಚಳಿಗಾಲದ ಬೆಳಿಗ್ಗೆ ಕಾರಿನಡಿ ಒಂದಿಷ್ಟು ಒದ್ದೆ ಕಂಡು, ಕಾರು ಓಡಿ ಬಿಸಿಯಾದ ಮೇಲೆ ಏನೂ ಇಲ್ಲವೆಂದರೆ ಮೊದಲ ಅನುಮಾನ ರಬ್ಬರಿನ ಮೇಲೆ. ತಣಿದಾಗ ಹೋಸೂ ಓ-ರಿಂಗೂ ಕುಗ್ಗಿ ಗಡುಸಾಗುತ್ತವೆ, ಹಿಡಿತ ಸಡಿಲವಾಗುತ್ತದೆ. ಬಿಸಿಯಾಗುತ್ತಲೇ ಹಿಗ್ಗಿ ತಮ್ಮಷ್ಟಕ್ಕೆ ಮುಚ್ಚಿಕೊಳ್ಳುತ್ತವೆ. ಕಾರ್ಖಾನೆಯವರು ಹಾಕಿದ ಸ್ಪ್ರಿಂಗ್ ಕ್ಲ್ಯಾಂಪು ಹೋಸಿನ ಜೊತೆ ತಾನೂ ಹಿಗ್ಗಿ ಕುಗ್ಗುತ್ತದೆ. ರಿಪೇರಿಯ ಹೊತ್ತಿನಲ್ಲಿ ಅದನ್ನು ತೆಗೆದೆಸೆದು ಸ್ಕ್ರೂ ಕ್ಲ್ಯಾಂಪು ಬಿಗಿದಿದ್ದರೆ ಅದು ಬಿಗಿದಷ್ಟೇ ನಿಲ್ಲುತ್ತದೆ, ಹೋಸು ಕುಗ್ಗಿದಾಗ ಹಿಂಬಾಲಿಸುವುದಿಲ್ಲ. ಇಂಥ ಸೋರಿಕೆಯನ್ನು ಮಧ್ಯಾಹ್ನ ಗ್ಯಾರೇಜಿಗೆ ಕಾರು ಓಡಿಸಿಕೊಂಡು ಹೋಗಿ ತೋರಿಸಿದರೆ ಮೆಕ್ಯಾನಿಕ್ಕಿಗೆ ಏನೂ ಸಿಗುವುದಿಲ್ಲ. ಕಾರನ್ನು ರಾತ್ರಿಯೇ ಅಲ್ಲಿ ಬಿಟ್ಟು ಬರಬೇಕು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಅಡಿಗೆ ಹೋಗಿ ನೋಡಬೇಕು.

ಓಡುವಾಗ ಮಾತ್ರ ಸೋರಿ ನಿಂತಾಗ ನಿಲ್ಲುತ್ತದೆಯೇ? ಹಾಗಾದರೆ ತಿರುಗುವ ಭಾಗದ ಕಡೆ, ಅಂದರೆ ವಾಟರ್ ಪಂಪಿನ ಕಡೆ ತಿರುಗಬೇಕು. ಬಾಕ್ಸ್‌ಸ್ಟರಿನಲ್ಲಿ ಪಂಪು ಎಂಜಿನ್ನಿನ ಮುಂದಿನ ಮುಖದಲ್ಲಿ, ಸೀಟುಗಳ ಹಿಂದಿನ ಗೋಡೆಗೆ ಎದುರಾಗಿ ಇದೆ. ಬೆಲ್ಟಿನ ಪುಲ್ಲಿಗಳನ್ನು ಮೇಲಿನಿಂದ ನೋಡಬೇಕೆಂದರೆ ಸೀಟುಗಳನ್ನು ಮುಂದಕ್ಕೆ ಸರಿಸಿ, ಕಾರ್ಪೆಟ್ ಎಬ್ಬಿಸಿ, ಗೋಡೆಗೆ ಬಿಗಿದ ತಗಡಿನ ಮುಚ್ಚಳ ಬಿಚ್ಚಬೇಕು. ಪಂಪಿನ ಒಳಗೆ ನೀರನ್ನು ತಡೆಯುವ ಸೀಲಿಗೂ ಬೇರಿಂಗಿಗೂ ನಡುವೆ ಹೊರಕ್ಕೊಂದು ಸಣ್ಣ ತೂತು ಬಿಟ್ಟಿರುತ್ತಾರೆ. ಸೀಲು ಸವೆದರೆ ನೀರು ಬೇರಿಂಗಿಗೆ ಹೋಗದೆ ಆ ತೂತಿನಿಂದ ಹೊರಗೆ ಬರಲಿ ಎಂಬ ಉದ್ದೇಶ. ಟಾರ್ಚ್ ಹಿಡಿದು ಅಲ್ಲಿ ನೋಡಿ. ಹನಿ ಇಲ್ಲದಿದ್ದರೂ ತೂತಿನ ಬಾಯಿಂದ ಕೆಳಕ್ಕೆ ಬೆರಳಗಲದ ಒಂದು ಗೀಟು ಕಾಣಬಹುದು. ಅಂಚಿನಲ್ಲಿ ಬೆಳ್ಳಗೆ, ನಡುವೆ ಕೂಲಂಟಿನದೇ ಬಣ್ಣ, ಉಗುರಿನಿಂದ ಕೆರೆದರೆ ಹಕ್ಕಳೆಯಾಗಿ ಏಳುತ್ತದೆ. ನೀರು ಆವಿಯಾಗಿ ಹೋಗಿದೆ, ಕೂಲಂಟಿನಲ್ಲಿ ಕರಗಿದ್ದ ಲವಣಗಳೂ ಬಣ್ಣವೂ ಉಳಿದಿವೆ. ನಿಧಾನದ ಸೋರಿಕೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಪುಲ್ಲಿಯನ್ನು ಕೈಯಲ್ಲಿ ಹಿಡಿದು ಅಲುಗಿಸಿದಾಗ ಚೂರಾದರೂ ಆಟ ಕಂಡರೆ ಆ ಪಂಪಿನ ಮೇಲೆ ಇನ್ನೊಂದು ದಿನವೂ ಭರವಸೆ ಇಡಬಾರದು. ಮೂಲ ಪಂಪಿನ ಒಳಚಕ್ರ ಪ್ಲಾಸ್ಟಿಕ್ಕಿನದು. ಬೇರಿಂಗ್ ವಾಲಿದಾಗ ಅದರ ರೆಕ್ಕೆಗಳು ಪಂಪಿನ ಒಳಗೋಡೆಗೆ ತಾಗಿ ಮುರಿಯುತ್ತವೆ. ಮುರಿದ ತುಣುಕು ಎಂಜಿನ್ನಿನ ಕಿರಿದಾದ ನೀರಿನ ದಾರಿಗಳಲ್ಲಿ ಹೋಗಿ ಸಿಕ್ಕಿಕೊಂಡರೆ ಅಲ್ಲಷ್ಟೇ ನೀರು ತಡೆದು, ಸಿಲಿಂಡರಿನ ಒಂದು ಮೂಲೆ ಮಾತ್ರ ವಿಪರೀತ ಕಾಯುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ.

ನನಗೆ ಎಲ್ಲಕ್ಕಿಂತ ಕುತೂಹಲದ ಹೊತ್ತು ಎಂದರೆ ಎಂಜಿನ್ ಆರಿಸಿದ ಮೇಲಿನ ಹತ್ತು ಹದಿನೈದು ನಿಮಿಷ. ಕೀ ತಿರುಗಿಸುತ್ತಲೇ ಪಂಪು ನಿಲ್ಲುತ್ತದೆ, ಎದುರುಗಾಳಿಯೂ ನಿಲ್ಲುತ್ತದೆ. ಲೋಹದೊಳಗಿನ ಬಿಸಿಗೆ ಮಾತ್ರ ನಿಲ್ಲಲು ಪುರಸೊತ್ತಿಲ್ಲ. ಅದು ಹರಿಯದ ನೀರಿಗೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಕಾರು ನಿಂತ ಮೇಲೆ ಕೂಲಂಟಿನ ಉಷ್ಣವೂ ಒತ್ತಡವೂ ಇಳಿಯುವ ಮೊದಲು ಒಂದಷ್ಟು ಏರುತ್ತವೆ. ಓಡುವಾಗ ಕಾಣದ ಸೋರಿಕೆ ಮನೆ ಮುಟ್ಟಿ ಶೆಡ್ಡಿನಲ್ಲಿ ನಿಲ್ಲಿಸಿದ ಮೇಲೆ ಸಿಹಿವಾಸನೆಯಾಗಿ ಮೂಗಿಗೆ ಬಡಿಯುವುದು ಇದರಿಂದ. ಆ ವಾಸನೆ ಎಥಿಲೀನ್ ಗ್ಲೈಕಾಲ್ ಬೆರೆತ ಕೂಲಂಟಿನದು. ಅದು ರುಚಿಗೆ ಸಿಹಿ ಇರುವುದರಿಂದಲೇ ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ನೆಲದ ಮೇಲೆ ಬಿದ್ದದ್ದನ್ನು ಆ ಕೂಡಲೇ ತೊಳೆಯಬೇಕು.

ಈ ಹೊತ್ತಿನಲ್ಲಿ ಸೋರುವ ಈ ಕಾರುಗಳಲ್ಲಿ ಹೆಚ್ಚಿನ ಸಲ ಸಿಕ್ಕಿಬೀಳುವುದು ಕಾದು ಹಿಗ್ಗಿದ ಕೂಲಂಟಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ಟ್ಯಾಂಕು, ಇಲ್ಲವೆ ಅದರ ಮುಚ್ಚಳ. ಟ್ಯಾಂಕು ಪ್ಲಾಸ್ಟಿಕ್ಕಿನದು. ವರ್ಷಗಟ್ಟಲೆ ಕಾದು ಆರಿ ಕಾದು ಆರಿ ಅದು ಹಳದಿಗಟ್ಟಿ ಪೆಡಸಾಗುತ್ತದೆ, ಬೆಸುಗೆಯ ಗೆರೆಯಲ್ಲಿ ಸೀಳು ಬಿಡುತ್ತದೆ. ಸೀಳು ಬಾಯಿ ಬಿಡುವುದು ಒತ್ತಡ ಇದ್ದಾಗ ಮಾತ್ರ. ಆರಿದ ಕಾರಿನಲ್ಲಿ ಕೈಯಾಡಿಸಿದರೆ ಬೆರಳಿಗೂ ಸಿಗುವುದಿಲ್ಲ. ಬಾಕ್ಸ್‌ಸ್ಟರಿನವರಿಗೆ ಒಂದು ಅನುಕೂಲವಿದೆ. ಹಿಂದಿನ ಡಿಕ್ಕಿಯ ಕಾರ್ಪೆಟ್ ಎತ್ತಿ ಕೆಳಗೆ ಅಂಗೈ ಒತ್ತಿದರೆ ಒದ್ದೆಯೋ ಒಣಗಿದೆಯೋ ತಿಳಿಯುತ್ತದೆ. ಒದ್ದೆ ಅಂಟಂಟಾಗಿದ್ದರೆ ಮಳೆನೀರಲ್ಲ. 911ರಲ್ಲಿ ಇಷ್ಟು ಸಲೀಸಿಲ್ಲ, ಟ್ಯಾಂಕು ಬಿಚ್ಚಿ ಹೊರತೆಗೆಯಲಿಕ್ಕೆ ಎಂಜಿನ್ನನ್ನೇ ಕೊಂಚ ಕೆಳಗಿಳಿಸಬೇಕಾಗುತ್ತದೆ.

ಮುಚ್ಚಳವನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನನ್ನ ತಕರಾರು ಇರುವುದೇ ಇಲ್ಲಿ. ಅದರೊಳಗೆ ಎರಡು ವಾಲ್ವ್ ಇವೆ. ಒತ್ತಡ ಮಿತಿ ಮೀರಿದರೆ ಹೊರಬಿಡಲು ಒಂದು, ತಣಿದು ಕುಗ್ಗಿದಾಗ ಗಾಳಿ ಒಳಗೆಳೆದುಕೊಳ್ಳಲು ಇನ್ನೊಂದು. ಅದರ ರಬ್ಬರು ದಣಿದರೆ ಮಿತಿಗೆ ಮೊದಲೇ ಆವಿ ಹೊರಟುಹೋಗುತ್ತದೆ. ನೆಲದ ಮೇಲೆ ಹನಿಯೂ ಇಲ್ಲ, ಟ್ಯಾಂಕಿನಲ್ಲಿ ಮಟ್ಟವೂ ಇಲ್ಲ. ಈ ಮುಚ್ಚಳವನ್ನು ಪೋರ್ಷೆ ಮತ್ತೆ ಮತ್ತೆ ತಿದ್ದಿದೆ. ಬಿಡಿಭಾಗದ ಸಂಖ್ಯೆಯ ಕೊನೆಯ ಎರಡಂಕಿ 04 ಆಗಿದ್ದರೆ ತಿದ್ದಿದ ಮಾದರಿ, 00 ಅಥವಾ 01 ಎಂದಿದ್ದರೆ ಯೋಚನೆ ಮಾಡದೆ ಬದಲಿಸಬೇಕು. ಇಡೀ ಕಾರಿನಲ್ಲಿ ಇಷ್ಟು ಅಗ್ಗದ ರಿಪೇರಿ ಇನ್ನೊಂದಿಲ್ಲ. ಟ್ಯಾಂಕು, ಪಂಪು, ಹೋಸು ಎಲ್ಲ ಬದಲಾದ ಮೇಲೆ ಕೊನೆಗೆ ಮುಚ್ಚಳ ಬದಲಿಸುವುದು ಎಂಥ ಅನ್ಯಾಯ!

ನಮ್ಮ ಕಡೆಯ ಡ್ರೈವರುಗಳಿಗೆ ನೀರು ಕುದಿಯುವ ಗಾಡಿ ಹೊಸದಲ್ಲ. ಶಿರಾಡಿ, ಆಗುಂಬೆ ಘಾಟಿಗಳ ತಿರುವಿನಲ್ಲಿ ಬಾನೆಟ್ ಎತ್ತಿ ನಿಂತ ಅಂಬಾಸಿಡರು, ಪಕ್ಕದ ತೊರೆಯಿಂದ ಕ್ಯಾನಿನಲ್ಲಿ ನೀರು ತರುವ ಕ್ಲೀನರ್ ಹುಡುಗ ಒಂದು ತಲೆಮಾರಿನ ನೆನಪಿನಲ್ಲಿದ್ದಾರೆ. ರೇಡಿಯೇಟರಿಗೆ ಸೂಜಿಮೊನೆಯಷ್ಟು ತೂತು ಬಿದ್ದರೆ ಒಂದು ಹಿಡಿ ಅರಿಶಿನಪುಡಿ ಸುರಿದು ಊರು ಮುಟ್ಟುತ್ತಿದ್ದ ಉಪಾಯವೂ ಇತ್ತು. ಹಿತ್ತಾಳೆ-ತಾಮ್ರದ ಅಗಲ ಕೊಳವೆಯ ಆ ರೇಡಿಯೇಟರಿಗೆ ಅದು ನಡೆಯುತ್ತಿತ್ತು. ಕಿರಿದಾದ ಅಲ್ಯೂಮಿನಿಯಂ ಕೊಳವೆಗಳ, ನೀರಿನಿಂದಲೇ ಆಯಿಲ್ ತಣಿಸುವ ಈ ಎಂಜಿನ್ನುಗಳಿಗೆ ಪುಡಿ ಇರಲಿ, ಅಂಗಡಿಯಲ್ಲಿ ಬಾಟಲಿಗೆ ತುಂಬಿ ಮಾರುವ ಸೋರಿಕೆ ಮುಚ್ಚುವ ದ್ರವವೂ ಬೇಡ. ಅದು ತೂತನ್ನು ಹುಡುಕಿಕೊಂಡು ಹೋಗುವುದಿಲ್ಲ, ಇಕ್ಕಟ್ಟಾದ ಜಾಗದಲ್ಲೆಲ್ಲ ಕೂರುತ್ತದೆ. ಬೋರ್‌ವೆಲ್ ನೀರೂ ಅಷ್ಟೇ. ಅದರ ಸುಣ್ಣ ಬಿಸಿ ಲೋಹಕ್ಕೆ ಪದರಪದರವಾಗಿ ಹತ್ತುತ್ತದೆ. ಕೂಲಂಟಿನ ಜೊತೆ ಬೆರೆಸಲು ಡಿಸ್ಟಿಲ್ಡ್ ನೀರೇ ಆಗಬೇಕು.

ಗ್ಯಾರೇಜಿನಲ್ಲಿ ಸೋರಿಕೆ ಹುಡುಕುವ ಮುಖ್ಯ ಸಾಧನ ಪ್ರೆಷರ್ ಟೆಸ್ಟರ್. ಟ್ಯಾಂಕಿನ ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿ ಕೈಪಂಪಿನಿಂದ ಮುಚ್ಚಳಕ್ಕೆ ನಿಗದಿಯಾದಷ್ಟೇ ಒತ್ತಡ ಕೊಟ್ಟು ಗೇಜಿನ ಮುಳ್ಳನ್ನು ಕಾಯುವುದು. ಒಳ್ಳೆಯ ಸಾಧನವೇ, ಆದರೆ ತಣ್ಣಗಿನ ಕಾರಿಗೆ ಹಚ್ಚಿ ಹತ್ತು ನಿಮಿಷ ಮುಳ್ಳು ಅಲುಗದ್ದನ್ನು ನೋಡಿ ‘ಸೋರಿಕೆ ಇಲ್ಲ’ ಎಂದು ಚೀಟಿ ಬರೆದುಕೊಟ್ಟರೆ ಅದು ಅರ್ಧ ಪರೀಕ್ಷೆ. ಬಿಸಿಗೆ ಬಾಯಿ ಬಿಡುವ ಪ್ಲಾಸ್ಟಿಕ್ ಸೀಳು ಆಗ ಸಿಗುವುದಿಲ್ಲ. ಪಂಪಿನ ಸೀಲು ತಿರುಗದೆ ಸೋರದಿರಬಹುದು. ಮುಚ್ಚಳವಂತೂ ಪರೀಕ್ಷೆಯಲ್ಲಿ ಇಲ್ಲವೇ ಇಲ್ಲ, ಅದನ್ನು ಬಿಚ್ಚಿಟ್ಟ ಜಾಗದಲ್ಲೇ ಟೆಸ್ಟರ್ ಕೂತಿದೆ! ತಣ್ಣಗಿದ್ದಾಗ ಒಮ್ಮೆ, ರಾತ್ರಿಯಿಡೀ ಒತ್ತಡದಲ್ಲಿ ಬಿಟ್ಟು ಒಮ್ಮೆ, ಮುಚ್ಚಳಕ್ಕೆ ಬೇರೆಯದೇ ಅಡಾಪ್ಟರ್ ಹಾಕಿ ಒಮ್ಮೆ ನೋಡಬೇಕು. ಅಷ್ಟಕ್ಕೂ ಸಿಗದಿದ್ದರೆ ಕೂಲಂಟಿಗೆ ಹೊಳೆಯುವ ಬಣ್ಣ ಬೆರೆಸಿ ಕೆಲವು ದಿನ ಓಡಿಸಿ ಕತ್ತಲಲ್ಲಿ ಅತಿನೇರಳೆ ದೀಪ ಬಿಡುತ್ತಾರೆ. ಹಸಿರು-ಹಳದಿ ಗೆರೆ ಹೊಳೆಯುತ್ತದೆ. ಅದರಲ್ಲಿ ನೋಡಬೇಕಾದದ್ದು ಅತ್ಯಂತ ಮೇಲಿನ, ಅತ್ಯಂತ ಮುಂದಿನ ತುದಿ. ಕೆಳಗಿನದೆಲ್ಲ ಹರಿದು ಬಂದದ್ದು. ದೀಪ ಬಿಡುವ ಮೊದಲು ಎಂಜಿನ್ನಿನ ಅಡಿಯನ್ನು ತೊಳೆದು ಒಣಗಿಸಿರಬೇಕು, ಇಲ್ಲವಾದರೆ ಹಿಂದಿನ ವರ್ಷದ ಸೋರಿಕೆಯೂ ಇವತ್ತಿನದಾಗಿ ಕಾಣುತ್ತದೆ.

ಮೂತಿಯ ರೇಡಿಯೇಟರುಗಳದು ಇನ್ನೊಂದು ಗೋಳು. ಬಂಪರಿನ ಬಾಯಿಯೊಳಗೆ ಒಣಗಿದ ಎಲೆಗಳು ನುಗ್ಗಿ, ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ತುಂಬಿ, ಮಳೆಯಲ್ಲಿ ನೆಂದು, ಅಲ್ಯೂಮಿನಿಯಮ್ಮನ್ನು ಕೊಳೆಸುತ್ತವೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ಎಲೆ ತೆಗೆದರೆ ತಪ್ಪುವ ನಷ್ಟ ಇದು.

ಎರಡು ಕಾರುಗಳಿಗೆ ಈ ಹೊತ್ತಿನ ಲೆಕ್ಕ ಹೊಂದುವುದಿಲ್ಲ: 996ರ ಟರ್ಬೊ ಮತ್ತು ಜಿಟಿ3. ಅವುಗಳ ಎಂಜಿನ್ನು ಬೇರೆ ವಂಶದ್ದು. 911ರ ಮೊದಲ ಎಂಜಿನ್ನಿನ ಹಿಂದೆ ದುಡಿದ ಹಾನ್ಸ್ ಮೆಟ್ಸ್‌ಗರ್ ಹೆಸರಿನಿಂದಲೇ ಕರೆಯುವ, 1998ರಲ್ಲಿ ಲಮಾನ್ ರೇಸು ಗೆದ್ದ ಜಿಟಿ1 ಕಾರಿನ ಪರಂಪರೆಯ ಎಂಜಿನ್ನು. ಲೋಹದ ವಿಷಯದಲ್ಲಿ ಅದು ಬಹಳ ಗಟ್ಟಿ. ಆದರೆ ಅದರ ನೀರಿನ ಪೈಪುಗಳ ಗಿಡ್ಡ ಕೊಳವೆಗಳನ್ನು ಎರಕದ ಕವಚದೊಳಗೆ ಅಂಟಿನಿಂದ ಕೂರಿಸಿದ್ದಾರೆ. ಕಾಯುತ್ತ ಆರುತ್ತ ಆ ಅಂಟು ಸೋತಾಗ ಕೊಳವೆ ಒಸರುತ್ತಾ ಕೂರದೆ ಒಂದೇ ಸಲಕ್ಕೆ ಕಳಚಿಕೊಳ್ಳಬಹುದು. ಹಾಗಾದರೆ ಕೂಲಂಟು ಹಿಂದಿನ ಟೈರುಗಳ ಮೇಲೆ, ರಸ್ತೆಯ ಮೇಲೆ ಚೆಲ್ಲುತ್ತದೆ. ಗ್ಲೈಕಾಲ್ ಎಣ್ಣೆಯಷ್ಟೇ ಜಾರುತ್ತದೆ. ರೇಸ್ ಟ್ರ್ಯಾಕಿನಲ್ಲಿ ಇದು ಹಿಂದೆ ಬರುವವರ ಪ್ರಾಣದ ಪ್ರಶ್ನೆ. ಇಂಥ ಕಾರಿನಲ್ಲಿ ಸೋರಿಕೆಗೆ ಕಾಯುವುದೇ ತಪ್ಪು. ಎಂಜಿನ್ ಇಳಿಸಲು ಯಾವುದೇ ನೆಪ ಸಿಕ್ಕರೂ ಆ ಕೊಳವೆಗಳನ್ನು ವೆಲ್ಡ್ ಮಾಡಿಸಬೇಕು, ಇಲ್ಲವೆ ಅಡ್ಡ ಪಿನ್ ಹೊಡೆಸಬೇಕು.

ರಿಪೇರಿ ಮುಗಿದ ಮೇಲಿನ ಮೋಸವೊಂದಿದೆ. ಇಷ್ಟು ಉದ್ದದ ಪೈಪುಗಳಿಗೆ ಮೇಲಿನಿಂದ ಕೂಲಂಟ್ ಸುರಿದರೆ ಅಲ್ಲಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಓಡುತ್ತ ಓಡುತ್ತ ಆ ಗಾಳಿ ಟ್ಯಾಂಕಿಗೆ ಬಂದು ಸೇರುತ್ತದೆ, ಅದರ ಜಾಗಕ್ಕೆ ನೀರು ಹೋಗುತ್ತದೆ, ಮಟ್ಟ ಇಳಿಯುತ್ತದೆ. ಮಾಲೀಕ ‘ಇನ್ನೂ ಸೋರುತ್ತಿದೆ’ ಎಂದು ಎದೆ ಒಡೆದುಕೊಳ್ಳುತ್ತಾನೆ. ವ್ಯಾಕ್ಯೂಮ್ ಹಾಕಿ ತುಂಬುವ ಗ್ಯಾರೇಜಿಗೆ ಹೋದರೆ ಈ ಗೊಂದಲವೇ ಇರುವುದಿಲ್ಲ. ಅವರು ಮೊದಲು ಒಳಗಿನ ಗಾಳಿಯನ್ನೆಲ್ಲ ಎಳೆದುಬಿಡುತ್ತಾರೆ, ಹೋಸುಗಳು ಚಪ್ಪಟೆಯಾಗಿ ಕೂರುತ್ತವೆ. ಆ ಶೂನ್ಯ ಹಾಗೇ ನಿಂತರೆ ಸೋರಿಕೆ ಇಲ್ಲವೆನ್ನಲು ಅದೂ ಒಂದು ಪರೀಕ್ಷೆ. ಆಮೇಲೆ ವಾಲ್ವ್ ತಿರುಗಿಸಿದರೆ ಕೂಲಂಟನ್ನು ವ್ಯವಸ್ಥೆ ತಾನೇ ಹೀರಿಕೊಳ್ಳುತ್ತದೆ.

ಇಷ್ಟೆಲ್ಲ ನೋಡಿಯೂ ಹೊರಗೆಲ್ಲೂ ಗುರುತಿಲ್ಲದೆ ನೀರು ಇಳಿಯುತ್ತಿದ್ದರೆ ಅದು ಒಳಗೇ ಹೋಗುತ್ತಿದೆ. ಹಲವರು ಕಾರನ್ನು ಗುಜರಿಗೆ ಕೊಡುವುದು ಈ ಹಂತದಲ್ಲಿ. ಟ್ಯಾಂಕಿನ ಮುಚ್ಚಳ ತೆಗೆದರೆ ಕೆನೆಬಣ್ಣದ ಅಂಟು, ಆಯಿಲ್ ನೀರು ಬೆರೆತಿದೆ, ಹೆಡ್ ಸೀಳಿದೆ, ಎಂಜಿನ್ ಹೋಯಿತು ಎಂಬ ತೀರ್ಪು. ಇಲ್ಲೂ ಹೊತ್ತನ್ನು ಕೇಳಬೇಕು. ಎಂಜಿನ್ನಿನ ನೆತ್ತಿಯ ಮೇಲೆ ಆಯಿಲನ್ನು ನೀರಿನಿಂದ ತಣಿಸುವ ಒಂದು ಕೂಲರ್ ಇದೆ. ಅದರೊಳಗಿನ ತೆಳು ಗೋಡೆ ತೂತಾದರೂ ಎರಡೂ ಬೆರೆಯುತ್ತವೆ. ಎಂಜಿನ್ ಓಡುವಾಗ ಆಯಿಲಿನ ಒತ್ತಡ ನೀರಿನದಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ಆಯಿಲ್ ನೀರಿಗೆ ನುಗ್ಗುತ್ತದೆ. ಆರಿಸಿದ ಮೇಲೆ ಆಯಿಲಿನ ಒತ್ತಡ ಸೊನ್ನೆ, ನೀರಿಗೆ ಇನ್ನೂ ಒಂದು ಬಾರ್. ಆಗ ನೀರು ಆಯಿಲಿಗೆ ಜಾರುತ್ತದೆ. ಸಿಲಿಂಡರಿನ ಬೆಂಕಿಯ ಅನಿಲ ನೀರಿಗೆ ಸೇರುತ್ತಿದೆಯೇ ಎಂಬುದಕ್ಕೆ ಬೇರೆಯೇ ಪರೀಕ್ಷೆ ಇದೆ. ಟ್ಯಾಂಕಿನ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸಿದಾಗ ಅದು ಹಳದಿಗೆ ತಿರುಗಿದರೆ ಹೆಡ್ಡೋ ಗ್ಯಾಸ್ಕೆಟ್ಟೋ ಕೈಕೊಟ್ಟಿದೆ. ನೀಲಿಯಾಗೇ ಉಳಿದರೆ ನಾನು ಮೊದಲು ಕೈಯಿಡುವುದು ಕೂಲರಿಗೆ. ಅದನ್ನು ಬದಲಿಸಿ, ಕೂಲಂಟಿನ ದಾರಿಯನ್ನೆಲ್ಲ ಎಣ್ಣೆಯ ಪಸೆ ಹೋಗುವವರೆಗೆ ತೊಳೆದು, ಹೊಸ ಆಯಿಲ್, ಹೊಸ ಕೂಲಂಟ್ ತುಂಬಿ ಓಡಿಸಬೇಕು. ಆಮೇಲೂ ಟ್ಯಾಂಕಿನಲ್ಲಿ ಎಣ್ಣೆ ಮೂಡಿದರೆ ಎಂಜಿನ್ ಇಳಿಸಿ, ಹೆಡ್ಡುಗಳನ್ನು ಬಿಚ್ಚಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿಯೊತ್ತಡ ಕೊಟ್ಟು ಗುಳ್ಳೆ ಏಳುವ ಜಾಗ ಗುರುತಿಸಲು ಮಷೀನ್ ಶಾಪಿಗೆ ಕಳಿಸಬೇಕು.